ಹಳೇ ಬಸ್ಸಿನ ಹಗ್ಗ

ಆ ಬಸ್ಸಿಗೆ ಬಾಗಿಲಿಲ್ಲ. ಬೆಳಿಗ್ಗೆಯಿಂದ ನನ್ನ ತಲೆಯೊಳಗೆ ಅದೊಂದೇ ಸುತ್ತುತ್ತಿತ್ತು.

ನಾನು: ಬಾಗಿಲೇ ಇಲ್ದಿರೋ ಬಸ್ಸಲ್ಲಿ ಮಗೂನ ಕಳಿಸಿದೀವಲ್ಲ ಅತ್ತೆ!

ಅತ್ತೆ: ವಂಶಿ ಹೊಟ್ಟೇಲಿದ್ದಾಗ ಅಂಥದ್ರಲ್ಲೇ ನಿಂತ್ಕೊಂಡು ಓಡಾಡಿದೀನಿ. ಅವನೇನು ಬಿದ್ಹೋದ್ನಾ?

ನಾನು: ಹೊಟ್ಟೇಲಿರೋರು ಹೇಗೆ ಬೀಳ್ತಾರೆ?

ಅತ್ತೆ: ನಿನ್ನಷ್ಟು ಯೋಚ್ನೆ ಮಾಡಿದ್ರೆ ಅವನು ಹುಟ್ತಾನೇ ಇರ್ಲಿಲ್ಲ.

ಗುಜರಿಗೆ ಹೋಗಬೇಕಿದ್ದ ಬಸ್ಸನ್ನು ನನ್ನ ಗಂಡ ವಂಶಿ ಮತ್ತವನ ಗೆಳೆಯರು ತಿಕ್ಕಿ, ಬಣ್ಣ ಬಳಿದು ಎಬ್ಬಿಸಿದ್ದರು. ಅಂದು ಭಾನುವಾರ, ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಮೊದಲ ಟ್ರಿಪ್ಪು. ಹೊತ್ತಿಗೆ ಸರಿಯಾಗಿ ಮುಟ್ಟಿದರೆ ತಿಂಗಳು ತಿಂಗಳೂ ಓಡಿಸಲು ಸಾರಿಗೆ ಇಲಾಖೆಯ ಅಪ್ಪಣೆ; ಇಲ್ಲದಿದ್ದರೆ ಮತ್ತೆ ಶೆಡ್ಡು. ಡ್ರೈವರು ನಿವೃತ್ತರಾಗಿದ್ದ ಕೆಂಚಪ್ಪನವರು, ಕಂಡಕ್ಟರು ನಮ್ಮ ಮಾವ; ಅವರ ಜೊತೆ ಹೊರಟವಳು ನಮ್ಮ ಮಗಳು ಧೃತಿ. ಬಸ್ಸು ಓಡುವಾಗ ತಮ್ಮ ಹೊಸ ಮೊಬೈಲಿಗೆ ಫೋನ್ ಮಾಡಕೂಡದೆಂದು ಮಾವ ನನ್ನಿಂದ ಮಾತು ತೆಗೆದುಕೊಂಡೇ ಹೊರಟಿದ್ದರು.

ಅತ್ತೆ: ಮತ್ತೆ ಫೋನ್ ಹತ್ರ ಏನು?

ನಾನು: ಧೂಳು ಒರೆಸ್ತಿದೀನಿ.

ಅತ್ತೆ: ಬೆಳಿಗ್ಗೆಯಿಂದ ಅದನ್ನೇ ಒರೆಸ್ತಿದೀಯ. ನಂಬರೆಲ್ಲ ಅಳಿಸ್ಹೋದಾವು.

ಅಷ್ಟರಲ್ಲಿ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಹೋಗಿದ್ದ ವಂಶಿ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿದ.

ವಂಶಿ: ಅಪ್ಪನ ಮೊಬೈಲಿಂದ ಮಾಡಿ ಮಾಡಿ ಸಾಕಾಯ್ತು, ಬರೀ ಎಂಗೇಜು!

ಅತ್ತೆ: ರಿಸೀವರ್ ಪಕ್ಕಕ್ಕಿಟ್ಟು ಒರೆಸ್ತಿದಾಳಲ್ಲ, ಎಲ್ಲಿಂದ ಸಿಗತ್ತೆ?

ವಂಶಿ: ಬಸ್ಸು ಚಾಮರಾಜಪೇಟೇಲಿ ನಿಂತ್ಬಿಟ್ಟಿದೆ. ಆಟೋದೋರೆಲ್ಲ ಬಾಯಿಗೆ ಬಂದಂಗೆ ಬೈತಿದಾರೆ.

ನಾನು: ಅಯ್ಯೋ, ಬ್ರೇಕ್ ಹೋಯ್ತಾ?

ವಂಶಿ: ಬ್ರೇಕ್ ಚೆನ್ನಾಗೇ ಇದೆ, ಅದೇ ತೊಂದ್ರೆ. ಗಂಟೆ ಹಗ್ಗ ಧೃತಿ ಕೈಲಿದೆ. ಒಂದ್ಸಲ ಎಳೆದ್ರೆ ನಿಲ್ಸು, ಎರಡ್ಸಲ ಎಳೆದ್ರೆ ಹೊರಡು. ಇವಳು ಹೆಜ್ಜೆಗೊಂದ್ಸಲ ನಿಲ್ಲಿಸ್ತಿದಾಳೆ.

ಅತ್ತೆ: ಹೊರಡಿ ಅಂತ ಬಾಯಲ್ಲಿ ಹೇಳೋಕಾಗಲ್ವಾ?

ವಂಶಿ: ಡಬಲ್ ಗಂಟೆ ಇಲ್ದೆ ಜನ್ಮದಲ್ಲೇ ಗಾಡಿ ಕದಲ್ಸಿಲ್ಲ ಅಂತಾರೆ ಕೆಂಚಪ್ಪನೋರು. ಅಪ್ಪ ಒಂದೊಂದು ಸಲಕ್ಕೂ ಚಾಕ್ಲೇಟ್ ಕೊಟ್ಟು ಡಬಲ್ ಹೊಡೆಸ್ತಿದ್ರು. ಈಗ ಚಾಕ್ಲೇಟ್ ಖಾಲಿ. ಹಗ್ಗ ಮುಟ್ಟೋಕೆ ಹೋದ್ರೆ, 'ಸ್ಪೀಡಾದ್ರೆ ಎಳೆದ್ಬಿಡು ಅಂತ ಅಮ್ಮ ಹೇಳಿದಾಳೆ' ಅಂತ ಕಿರುಚ್ತಾಳೆ!

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ನಾನು: ತುಂಬಾ ಜೋರಾದ್ರೆ ಅಂತ ಹೇಳಿದ್ದೆ...

ವಂಶಿ: ಹಾಲಿನ ಸೈಕಲ್ ಓವರ್‌ಟೇಕ್ ಮಾಡ್ತು ಕಣೆ!

ನಾನು: ಅವನು ಹುಷಾರಾಗಿ ಹೋಗ್ಬೇಕಪ್ಪ.

ಅತ್ತೆ: ಮೊದ್ಲು ಫೋನ್ ಮಾಡು!

ನಾನು: ಬಸ್ಸು ಓಡೋವಾಗ ಮಾಡಲ್ಲ ಅಂತ ಮಾವಂಗೆ ಮಾತು ಕೊಟ್ಟಿದೀನಲ್ಲ?

ವಂಶಿ: ಓಡ್ತಿದ್ರೆ ತಾನೆ!

ಕೊನೆಗೂ ನಂಬರ್ ಒತ್ತಿದೆ.

ನಾನು: ಮಾವ, ಧೃತೀಗೆ ಕೊಡಿ... ಪುಟ್ಟೀ, ಒಳಗಡೆ ಸೀಟಲ್ಲಿದೀಯಾ? ಇನ್ನೊಂದು ಕೈಲಿ ಕಂಬಿ ಹಿಡ್ಕೊಂಡಿದೀಯಾ? ಸರಿ. ಹಗ್ಗ ಎಳಿ ಕಂದಾ. ಎರಡ್ಸಲ.

ಆ ಕಡೆಯಿಂದ ಟಿಣ್ ಟಿಣ್ ಎಂದಿತು. ಗೇರು ಬಿದ್ದ ಸದ್ದು ಕೇಳಿದ್ದೇ, ನಾನು ಇಲ್ಲಿ ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.