ಕಣ್ಣಿಗೆ ಕಟ್ಟಿದ ಪಟ್ಟಿ

ರಸಾಯನಶಾಸ್ತ್ರ ವಿಭಾಗದ ಲ್ಯಾಬ್ ಅಸಿಸ್ಟೆಂಟ್ ಷಡಕ್ಷರಪ್ಪನವರ ಕಣ್ಣಿಗೆ ಮಂಗಳವಾರ ಆಸಿಡ್ ಬೀಳಬೇಕೆಂದು ಸೋಮವಾರದ ಮೀಟಿಂಗಿನಲ್ಲೇ ತೀರ್ಮಾನವಾಗಿತ್ತು.

ಮಲವಗೊಪ್ಪದ ಆಚೆಗಿದ್ದ ಆ ಕ್ಯಾಂಪಸ್ಸಿಗೆ ಬೆಂಗಳೂರಿನಿಂದ ಕಮಿಟಿಯೊಂದು ಬರುವುದಿತ್ತು. ಲ್ಯಾಬಿನಲ್ಲಿ ಅಪಘಾತವಾದರೆ ಇಲ್ಲಿನವರು ಏನು ಮಾಡುತ್ತಾರೆಂದು ನೋಡುವ ಕಮಿಟಿ. ಏನೂ ಮಾಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಣ್ಣಿಗೆ ಹಾಕುವ ಸುರಕ್ಷಾ ಕನ್ನಡಕಗಳು ಬಂದು ಎಷ್ಟೋ ಕಾಲವಾಗಿದ್ದರೂ, ಹಾಕಿಕೊಂಡರೆ ಗೀರು ಬೀಳುತ್ತದೆಂದು ಸ್ಟೋರ್‌ಕೀಪರ್ ಜಂಬಣ್ಣ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಹಾಗಾಗಿ ಒಂದು ಅಣಕು ಅಪಘಾತ ಮಾಡಿ ಕಮಿಟಿಗೆ ಗಾಯಾಳುವನ್ನು ತೋರಿಸುವುದೆಂದು ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಪ್ರಸನ್ನಕುಮಾರ್ ಹೊರಟರು.

ಗಾಯಾಳು ಯಾರಾಗಬೇಕು? ವಿದ್ಯಾರ್ಥಿಗಳಾದರೆ ಅಪ್ಪ ಅಮ್ಮ ಗಲಾಟೆ ಮಾಡುತ್ತಾರೆ. ಮೇಡಂಗಳಾದರೆ ಗಂಡಂದಿರು ಸ್ಕೂಟರ್ ಹತ್ತಿ ಬಂದುಬಿಡುತ್ತಾರೆ.

“ಷಡಕ್ಷರಪ್ಪನವರೇ, ನೀವೇ ಸರಿ ಕಣ್ರಿ,” ಎಂದರು ಪ್ರೊಫೆಸರ್. “ನಿಮಗಾದ್ರೆ ಗಾಬರಿ ಬೀಳೋರು ಯಾರೂ ಇಲ್ವಲ್ಲ.”

ಮಾತು ನಿಜವೇ. ಹೆಂಡತಿ ವೀರಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಸುಮನಾ, ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಬೇರೆ ಜಾತಿಯ ಹಾಲೇಶನನ್ನು ಮದುವೆಯಾಗಿ ಹೋದ ಮೇಲೆ ಆರು ವರ್ಷದಿಂದ ಅಪ್ಪ ಮಗಳಿಗೆ ಮಾತಿಲ್ಲ. ಭದ್ರಾವತಿಯ ಬಸ್ಸು ಕ್ಯಾಂಪಸ್ಸಿನ ಗೇಟಿನಲ್ಲೇ ನಿಲ್ಲುತ್ತಿತ್ತು. ಷಡಕ್ಷರಪ್ಪ ಒಂದು ಸಲವೂ ಹತ್ತಿರಲಿಲ್ಲ. ಹತ್ತಬೇಕೆಂದು ಅನಿಸದ ದಿನವೂ ಇರಲಿಲ್ಲ, ಪಾಪ.

ಮಾರನೆಯ ಬೆಳಿಗ್ಗೆ ಮುಖಕ್ಕೆ ಒಂದು ಬೀಕರ್ ನೀರು ಎರಚಿದರು. ಷಡಕ್ಷರಪ್ಪ ಹೇಳಿಕೊಟ್ಟಂತೆ, “ಅಯ್ಯೋ, ಕಣ್ಣು,” ಎಂದರು.

“ಇನ್ನೂ ಸ್ವಲ್ಪ ನೋವಿರಲಿ,” ಎಂದರು ಪ್ರೊಫೆಸರ್.

ಜಂಬಣ್ಣ ಎರಡೂ ಕಣ್ಣು ಮುಚ್ಚುವಂತೆ ಬಿಗಿಯಾಗಿ ಪಟ್ಟಿ ಸುತ್ತಿದ. ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋಗುವಾಗ ಅವರ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಆ ದಿನ ಅವರಿಗೆ ನಿಜವಾಗಿ ಆದ ಗಾಯ ಅದೊಂದೇ. ಆರೋಗ್ಯ ಕೇಂದ್ರದ ಮಂಚದ ಮೇಲೆ ಮಲಗಿಸಿ ಪ್ರೊಫೆಸರ್ ಕಿವಿಯಲ್ಲಿ ಹೇಳಿದರು: “ಕಮಿಟಿಯವ್ರು ಗೆಸ್ಟ್ ಹೌಸಲ್ಲಿ ಊಟ ಮಾಡ್ಕೊಂಡು ಬರ್ತಾರೆ. ಅಲ್ಲೀವರೆಗೂ ಪಟ್ಟಿ ಬಿಚ್ಚಬೇಡಿ.”

ನಾಟಕ ನಿಜವೆನಿಸಲೆಂದು ಕ್ಯಾಂಪಸ್ಸಿನ ಉಳಿದವರಿಗೆ ಪ್ರೊಫೆಸರ್ ಏನೂ ತಿಳಿಸಿರಲಿಲ್ಲ. ಮೊದಲು ಓಡಿ ಬಂದವರು ಕ್ವಾರ್ಟರ್ಸಿನ ಪಕ್ಕದ ಮನೆಯ ಶಾಂತಮ್ಮ.

“ಎರಡೂ ಹೋದ್ವಾ ಮಾರಾಯ್ರೇ?”

“ಏನೂ ಆಗಿಲ್ಲ ಕಣಮ್ಮ, ಇದು ನಾಟಕ.”

“ಪಾಪ, ತಲೆಗೂ ಏರಿದೆ,” ಎಂದು ಶಾಂತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಗೇಟಿನ ಎಸ್‌ಟಿಡಿ ಬೂತಿಗೆ ನಡೆದರು. ಸುಮನಾಳ ಪಕ್ಕದ ಮನೆಯ ಫೋನ್ ನಂಬರು ಈಕೆಯ ಹತ್ತಿರ ಇದೆಯೆಂದು ಷಡಕ್ಷರಪ್ಪನವರಿಗೆ ಗೊತ್ತಿರಲಿಲ್ಲ.

ಆಮೇಲೆ ಲೈಬ್ರರಿಯ ಉಜ್ಜನಪ್ಪ ಬಂದು ನಂದಿಬಟ್ಟಲು ಹೂವಿನ ರಸ ಬಿಡಬೇಕೆಂದ. ಕ್ಯಾಂಟೀನಿನ ರಂಗಪ್ಪ ಹರಳೆಣ್ಣೆಯೇ ಆಗಬೇಕೆಂದ. ಇಬ್ಬರೂ ಗಾಯಾಳುವಿನ ಎದೆಯ ಮೇಲೆ ಕೈಯೂರಿಕೊಂಡು ಜಗಳವಾಡಿ, ಕೊನೆಗೆ ಟೀ ಕುಡಿಯಲು ಒಟ್ಟಿಗೇ ಹೋದರು. ಕಮಿಟಿ ಬರಲಿಲ್ಲ. ಷಡಕ್ಷರಪ್ಪನವರಿಗೆ ಹಸಿವಾಯಿತು, ನಿದ್ದೆ ಹತ್ತಿತು.

“ಅಪ್ಪಾಜಿ.”

ಆರು ವರ್ಷವಾದರೂ ಆ ದನಿ ಯಾರದೆಂದು ಯೋಚಿಸಬೇಕಾಗಲಿಲ್ಲ. ಅವರು ಎದ್ದು ಕೂತರು.

“ಸುಮಾ, ನಂಗೇನೂ…”

“ಮಾತಾಡ್ಬೇಡಿ. ಬಾಯಿ ತೆಗೀರಿ.”

ಅಕ್ಕಿ ರೊಟ್ಟಿಯ ತುಂಡೊಂದು ಬಾಯಿಗೆ ಬಂತು. ಚಟ್ನಿಗೆ ವೀರಮ್ಮನ ಕೈಯ ಖಾರವೇ ಇತ್ತು. ಇನ್ನೊಂದು ತುಂಡು ನುಂಗಿದ ಮೇಲೆ ಹೇಳೋಣ ಎಂದುಕೊಂಡರು. ಅದಾದ ಮೇಲೆ ಇನ್ನೊಂದು. ಅಷ್ಟರಲ್ಲಿ ಪಟ್ಟಿ ಒಳಗಿನಿಂದ ಒದ್ದೆಯಾಗಿತ್ತು.

“ತೆಳ್ಳಗಾಗಿದೀಯೇನೇ?”

“ಕೈ ಮುಟ್ಟಿ ನೋಡಿ.”

ಮುಟ್ಟಿದರು. ಕೈ ಒರಟಾಗಿತ್ತು. ಹಾಗೇ ಹಿಡಿದುಕೊಂಡರು. ಕಾಲಿನ ಹೆಬ್ಬೆರಳಿಗೆ ಏನೋ ಮೆಲ್ಲಗೆ ತಾಗಿದಂತಾಗಿ ಕಾಲು ಒದರಿದರು.

“ನೊಣ ಇರ್ಬೇಕು.”

“ಹ್ಞೂಂ, ನೊಣ,” ಎಂದಳು ಸುಮನಾ. ಆಮೇಲೆ ಹೇಳಿದಳು: “ನಿಮಗೆ ಕಣ್ಣು ಕಾಣ್ತಿದ್ದಿದ್ರೆ ನಾನು ಬರ್ತಿರ್ಲಿಲ್ಲ ಅಪ್ಪಾಜಿ. ಅವತ್ತು ನಾನು ಮನೆ ಬಿಡೋವಾಗ ಬಾಗಿಲಲ್ಲಿ ನಿಂತ್ಕೊಂಡು ನೋಡಿದ್ರಲ್ಲ, ಅದಕ್ಕೆ ಹೆದರಿಕೆ. ಬೈದಿದ್ರೆ ಮರೀತಿದ್ದೆ. ಆ ನೋಟ ಮರೆಯಕ್ಕಾಗ್ಲಿಲ್ಲ.”

ಪಟ್ಟಿಯ ಗಂಟು ಕಿವಿಯ ಪಕ್ಕದಲ್ಲೇ ಇತ್ತು. ಎಳೆದರೆ ಮಗಳ ಮುಖ ಕಾಣುತ್ತದೆ. ಎಳೆದರೆ ಮಗಳು ಎದ್ದು ಹೋಗುತ್ತಾಳೆ. ಷಡಕ್ಷರಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

“ನಾಳೆ ಇವರನ್ನೂ ಕರ್ಕೊಂಡು ಬರ್ತೀನಿ,” ಎಂದಳು ಸುಮನಾ, ಡಬ್ಬಿ ಮುಚ್ಚುತ್ತ. “ನಮ್ಮನೇಲೇ ಇರಿ. ನಾನು ನೋಡ್ಕೋತೀನಿ.”

ಅವಳು ಹೋದ ಮೇಲೆ ಷಡಕ್ಷರಪ್ಪ ಒಂದು ಪ್ಲಾನ್ ಹಾಕಿದರು. ಭದ್ರಾವತಿಗೆ ಪಟ್ಟಿ ಕಟ್ಟಿಕೊಂಡೇ ಹೋಗುವುದು. ಅಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ದೃಷ್ಟಿ ಬಂದರಾಯಿತು. ಮೊದಲು ಬೆಳಕು, ಆಮೇಲೆ ಕಿಟಕಿ, ಕೊನೆಗೆ ಮಗಳು, ಅಳಿಯ. ಅಳಿಯನನ್ನು ಹೇಗೆ ನೋಡಬೇಕೆಂದು ಅವರು ಪಟ್ಟಿಯ ಒಳಗೇ ಅಭ್ಯಾಸ ಮಾಡುತ್ತಿದ್ದಾಗ ಜಂಬಣ್ಣ ಬಂದ.

“ಎದ್ದೇಳಿ ಸಾರ್. ಕಮಿಟಿಯವ್ರು ಊಟ ಮಾಡಿ ಹಂಗೇ ಜೋಗ ನೋಡಕ್ಕೆ ಹೋದ್ರಂತೆ. ಪಟ್ಟಿ ಕೊಡಿ, ಸ್ಟಾಕ್ ತೋರಿಸ್ಬೇಕು.”

“ನಾಳೆ ಕೊಡ್ತೀನಿ ಜಂಬಣ್ಣ.”

“ಆಗಲ್ಲ ಸಾರ್,” ಎಂದು ಗಂಟಿಗೆ ಕೈಹಾಕಿದ ಜಂಬಣ್ಣ. “ಅಂದಂಗೆ ನಿಮ್ಮ ಮೊಮ್ಮಗಳು ಚೂಟಿ ಇದಾಳೆ. ಆಗ್ಲೇ ಬಂದು ಇಣುಕಿದ್ದೆ. ಕಾಲ ಹತ್ರ ನಿಂತ್ಕೊಂಡು ನಿಮ್ಮ ಹೆಬ್ಬೆಟ್ಟು ಮುಟ್ಟಿ ಮುಟ್ಟಿ ನೋಡ್ತಿದ್ಲು. ಅವರಮ್ಮ ಬಾಯಿ ಮೇಲೆ ಬೆರಳಿಟ್ಟು ಸುಮ್ನಿರು ಅಂತಿದ್ರು.”

“ಯಾರು?”

“ಅದೇ ಸಾರ್, ಹೊರಗೆ ಹೋಗ್ತಾ ವೀರು ಅಂತ ಕರೀತಿದ್ರು.”

ವೀರು. ಮಗಳು ಮಗುವಿಗೆ ಅಜ್ಜಿಯ ಹೆಸರಿಟ್ಟಿದ್ದಳು. ನೊಣವೆಂದು ತಾವು ಕಾಲು ಒದರಿ ತಳ್ಳಿದ್ದು ಅವಳ ಬೆರಳನ್ನು. ಷಡಕ್ಷರಪ್ಪನವರಿಗೆ ಪ್ಲಾನೂ ನೆನಪಾಗಲಿಲ್ಲ, ನಾಳೆಯೂ ನೆನಪಾಗಲಿಲ್ಲ. ಬಿಚ್ಚಿದ ಪಟ್ಟಿ ಕೊರಳಿಗೆ ಜೋತುಬಿದ್ದಿದ್ದಂತೆಯೇ ಬರಿಗಾಲಲ್ಲಿ ಗೇಟಿಗೆ ಓಡಿದರು.

ಭದ್ರಾವತಿಯ ಬಸ್ಸು ಆಗಲೇ ಜನ ತುಂಬಿಕೊಂಡು ನಿಂತಿತ್ತು. ಕಿಟಕಿಯಲ್ಲಿ ಎರಡು ಜಡೆಯ ಸಣ್ಣ ಮುಖವೊಂದು ಅವರನ್ನು ಮೊದಲು ಕಂಡಿತು.

“ಅಮ್ಮ, ಅಜ್ಜಂಗೆ ಕಣ್ಣು ಬಂತು ನೋಡು.”

ಸುಮನಾ ತಿರುಗಿದಳು. ಒಂದು ಕ್ಷಣ ಅವಳ ಮುಖವೆಲ್ಲ ಅರಳಿತು. ಅಷ್ಟರಲ್ಲಿ ಹಿಂದಿನಿಂದ ಜಂಬಣ್ಣ ಕೂಗುತ್ತ ಬಂದ: “ನಾಟಕ ಮುಗೀತಲ್ಲ ಸಾರ್, ಪಟ್ಟಿ ಕೊಟ್ಟು ಹೋಗಿ ಅಂದ್ರೆ.”

ಸುಮನಾ ಅವನನ್ನು ನೋಡಿದಳು, ಕೊರಳಿನ ಪಟ್ಟಿ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಬೈದಿದ್ದರೆ ಷಡಕ್ಷರಪ್ಪನವರೂ ಮರೆಯುತ್ತಿದ್ದರು.

ಬಸ್ಸು ಹೊರಟಿತು. ಮಗು ಕೈ ಬೀಸುತ್ತಲೇ ಇತ್ತು. ಷಡಕ್ಷರಪ್ಪ ಮೆಲ್ಲಗೆ ಕೈ ಎತ್ತಿದರು. ಜಂಬಣ್ಣ ಅವರ ಕೊರಳಿಂದ ಪಟ್ಟಿ ತೆಗೆದು ನೀಟಾಗಿ ಸುತ್ತತೊಡಗಿದ.

“ಇದ್ಯಾಕೆ ಇಷ್ಟು ಒದ್ದೆಯಾಗಿದೆ ಸಾರ್? ಇರಲಿ, ಒಣಗುತ್ತೆ ಬಿಡಿ. ಮುಂದಿನ ವರ್ಷನೂ ನೀವೇ ಮಲಗ್ಬೇಕಂತೆ, ಪ್ರೊಫೆಸರ್ ಹೇಳಿದಾರೆ. ನಿಮಗಾದ್ರೆ ಗಾಬರಿ ಬೀಳೋರು ಯಾರೂ ಇಲ್ವಲ್ಲ.”