ಓದದೆ ಒಪ್ಪದ ನಮ್ಮ ಭಾವ

ಹೊಸ ಸಾಫ್ಟ್‌ವೇರ್ ಕೊಂಡಾಗ ಅದರ ಜೊತೆಗೆ ಷರತ್ತುಗಳ ಒಂದು ಪುರಾಣ ಬರುತ್ತದಲ್ಲ, ಇರುವೆಗಾತ್ರದ ಅಕ್ಷರದಲ್ಲಿ, ಕೊನೆಗೆ 'ಒಪ್ಪಿದ್ದೇನೆ' ಎನ್ನಬೇಕಾದದ್ದು, ಅದನ್ನು ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದಿದವರು ಈ ಭೂಮಂಡಲದಲ್ಲಿ ಒಬ್ಬರೇ ಒಬ್ಬರಿದ್ದಾರೆ. ಅವರು ನಮ್ಮಕ್ಕನ ಗಂಡ! ಬರೆದ ವಕೀಲರೇ ಅದನ್ನು ಎರಡನೇ ಸಲ ಓದಿರಲಾರರು ಎಂಬುದು ನನ್ನ ಬಲವಾದ ಗುಮಾನಿ. ನಮ್ಮ ಭಾವ ಎರಡು ಸಲ ಓದಿದ್ದಾರೆ. ಎರಡನೇ ಸಲ ಓದಿದ್ದು ನಮಗೆಲ್ಲ ಅರ್ಥವಾಗಲಿ ಎಂದು, ಗಟ್ಟಿಯಾಗಿ.

ಭಾವ ಗಟ್ಟಿಯಾಗಿ ಓದುವುದೆಂದರೆ ಸಾಮಾನ್ಯ ವಿಷಯವಲ್ಲ ಸ್ವಾಮಿ. ಅವರ ಕಂಠ ಅಂಥದ್ದು. ಇಸ್ಕೂಲಿನಲ್ಲಿ ಪ್ರಾರ್ಥನೆ ಹೊತ್ತಿಗೆ ಮೇಷ್ಟ್ರು ಇವರನ್ನು ಪಕ್ಕಕ್ಕೆ ಕರೆದು, "ನೀನು ಬಾಯಿ ಮಾತ್ರ ಆಡಿಸಪ್ಪ, ದನಿ ಬುಡಬ್ಯಾಡ" ಎಂದು ಕೈ ಮುಗಿದಿದ್ದರಂತೆ. ಇದನ್ನು ನಾನು ಹುಟ್ಟಿಸಿ ಹೇಳುತ್ತಿಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಂಡದ್ದು.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಭಾವನದು ಲಗ್ನಪತ್ರಿಕೆ ಮಾಡುವ ಕಸುಬು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವರು ತೊಂಬತ್ತರ ದಶಕದ ನಡುವಿನಲ್ಲಿ ಅದನ್ನು ಬಿಟ್ಟು ಕಂಪ್ಯೂಟರು ತಂದರು. ಟೈಪಿಂಗ್ ಪಾಸು ಮಾಡಿ, ದೇವಲಾಪುರದ ನಮ್ಮ ಮನೆಯಲ್ಲಿ ಹುರುಳಿ ಕೇರುತ್ತಾ ಕೂತಿದ್ದ ನನ್ನನ್ನು ಅಕ್ಷರ ಕುಟ್ಟುವುದಕ್ಕೆ ಕರೆಸಿಕೊಂಡರು. ಹೀಗಾಗಿ ಮುಂದಿನ ಕತೆಗೆಲ್ಲ ನಾನೇ ಕಣ್ಣಾರೆ ಸಾಕ್ಷಿ.

ಕನ್ನಡ ಅಕ್ಷರದ ಸಾಫ್ಟ್‌ವೇರು ಬೆಂಗಳೂರಿನಿಂದ ಅಂಟು ಹಾಕಿದ ಒಂದು ಲಕೋಟೆಯಲ್ಲಿ ಬಂತು. ಒಳಗೆ ಫ್ಲಾಪಿಗಳು. ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: ಈ ಲಕೋಟೆಯನ್ನು ಹರಿದರೆ ಒಳಗಿರುವ ಷರತ್ತುಗಳಿಗೆಲ್ಲ ನೀವು ಒಪ್ಪಿದಂತೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಪರ್ರನೆ ಹರಿಯುತ್ತಿದ್ದಿರಿ. ಭಾವ ಲಕೋಟೆಯನ್ನು ಮೇಜಿನ ಮೇಲಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಓದ್ಬೇಕು ಅಂದ್ರೆ ಅರೀಬೇಕು. ಅರುದ್ರೆ ಒಪ್ದಂಗೆ. ಒಪ್ಪೋ ಮುಂಚೆ ಓದ್ಬೇಕಲ್ಲವ್ವಾ! ಇದೆಂಗಾಯ್ತು? ಮೊದ್ಲು ತಾಳಿ ಕಟ್ಟು, ಆಮೇಲೆ ಎಣ್ ತೋರಿಸ್ತೀವಿ ಅಂದಂಗಾಯ್ತು!"

ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಬಲ್ಬಿನ ಮುಂದೆ ಹಿಡಿದು ನೋಡಿದರು. ಮೂಲೆ ಒತ್ತಿ ಒಳಗೊಂದು ಕಣ್ಣು ಹಾಯಿಸಲು ಹೆಣಗಿದರು. ಕಂಪ್ಯೂಟರು ಅರಿಸಿನ ಕುಂಕುಮ ಇಡಿಸಿಕೊಂಡು ಮದುವಣಗಿತ್ತಿಯ ಹಾಗೆ ಸುಮ್ಮನೆ ಕೂತಿತ್ತು. ಹೀಗೇ ವಾರ ಕಳೆಯಿತು. ಲಗ್ನದ ಕಾಲ ಬೇರೆ. ಒಂದು ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಕ್ಕ ಎದ್ದು ಬಂದವಳೇ, ಲಕೋಟೆಯನ್ನು ಅವರೆಕಾಯಿಯ ಹಾಗೇ ಹಿಸುಕಿ ಹರಿದು ಫ್ಲಾಪಿಗಳನ್ನು ಮೇಜಿನ ಮೇಲೆ ಸುರಿದಳು.

"ಈಗ ಒಪ್ಪಿದ್ದು ಯಾರು?" ಭಾವ ಎದ್ದು ನಿಂತು ಕೇಳಿದರು.

"ನಾನೇ ಒಪ್ದೆ ಕಣ್ರೀ. ಏನೀಗ?"

ನಮ್ಮ ಕಡೆ ಮದುವೆ ಮಾತು ಗಟ್ಟಿಯಾಯಿತು ಎಂಬುದಕ್ಕೆ ಒಪ್ಪುವೀಳ್ಯ ಬದಲಾಯಿಸುತ್ತಾರೆ. ಎಲೆಅಡಿಕೆ ಕೈಗೆ ಬಂತೋ, ಮುಗಿಯಿತು. ಆಮೇಲೆ ಗಂಡಿನ ಮೂಗು ಸೊಟ್ಟ ಎಂದು ಕಂಡುಬಂದರೂ ಹಿಂದಕ್ಕೆ ಸರಿಯುವಂತಿಲ್ಲ. ಭಾವನ ಪ್ರಕಾರ ಲಕೋಟೆ ಹರಿದದ್ದು ಒಪ್ಪುವೀಳ್ಯ ಹಿಡಿದದ್ದಕ್ಕೆ ಸಮ. ಅಂದರೆ ಸಾಫ್ಟ್‌ವೇರು ಬಳಸುವ ಹಕ್ಕು ಅಕ್ಕನದು! ಅವತ್ತಿನಿಂದ ಪ್ರತಿ ಬೆಳಿಗ್ಗೆ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಶುರು ಮಾಡ್ಲಾ?" ಎಂದು ಕೇಳಬೇಕು. ಅಕ್ಕ ಒಲೆಯ ಮುಂದಿನಿಂದ "ಮಾಡ್ಕಳಿ" ಎನ್ನಬೇಕು. ಹಿಂದಿನ ದಿನ ಜಗಳವಾಗಿದ್ದರೆ ಅಕ್ಕ ಮಾತಾಡುತ್ತಿರಲಿಲ್ಲ. ಅಂಗಡಿಗೆ ರಜಾ! ನಾನು ಹಿಂದಿನ ಮನೆಗೆ ಹೋಗಿ ಮಲಗುತ್ತಿದ್ದೆ.

ಷರತ್ತಿನಲ್ಲಿ ಇದ್ದದ್ದು ಇಷ್ಟು: ಒಂದೇ ಕಂಪ್ಯೂಟರಿಗೆ ಹಾಕಬೇಕು, ಬೇರೆ ಯಾರಿಗೂ ಪ್ರತಿ ಮಾಡಿಕೊಡಬಾರದು. ಕೆ.ಆರ್. ಪೇಟೆಯಲ್ಲಿ ಇಂಥದ್ದೇ ಅಂಗಡಿ ಇಟ್ಟಿದ್ದ ಭಾವನ ಗೆಳೆಯರೊಬ್ಬರು ಒಂದು ದಿನ ಖಾಲಿ ಫ್ಲಾಪಿಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬಂದರು.

"ಒಂದ್ ಕಾಪಿ ಆಕ್ಕೊಡ್ಲಾ. ನಾನ್ ತಕಂಡ್ರೆ ನಿನ್ದೇನ್ ಕಮ್ಮಿಯಾದದಾ?"

"ಕಮ್ಮಿಯಾಗಕಿಲ್ಲ."

"ಮತ್ತೆ?"

"ಒಪ್ಕಂಡಿವ್ನಿ ಕಣ್ಲಾ. ಅಂದ್ರೆ, ನಮ್ಮನೆಯವ್ಳು ಒಪ್ಕಂಡವ್ಳೆ."

"ಯಾರ್ ನೋಡ್ತಾರ್ಲಾ ಇಲ್ಲಿ?"

"ನಾನಿವ್ನಲ್ಲಾ, ನೋಡಕೆ."

ಗೆಳೆಯರಿಗೆ ರೇಗಿತು. "ನಿನ್ ದುಡ್ಡು, ನಿನ್ ಕಂಪ್ಯೂಟ್ರು. ನಿನ್ನಿಷ್ಟ ಬಂದಂಗೆ ಮಾಡಕೆ ನಿಂಗೇ ಸ್ವತಂತ್ರ ಇಲ್ವಾ? ಇದ್ಯಾವ್ ಸೀಮೆ ಬದುಕ್ಲಾ?"

"ಒಪ್ಪೋ ಗಂಟ ಸ್ವತಂತ್ರ ಪೂರ್ತಿ ಐತೆ. ಬ್ಯಾಡ ಅಂದು ಎದ್ದೋಗ್ಬೋದು. ಒಪ್ಪಿದ್ ಮ್ಯಾಕೆ ಅವ್ರು ಎಷ್ಟು ಬುಟ್ಟವ್ರೋ ಅಷ್ಟು."

"ಮದ್ವೆ ಇದ್ದಂಗೆ ಅನ್ನು!" ಎಂದು ಗೆಳೆಯರು ಚೀಲ ಎತ್ತಿಕೊಂಡು ಹೊರಟರು. ಪ್ರತಿ ಅವರಿಗೆ ಬೇರೆ ಕಡೆ ಸಲೀಸಾಗಿ ಸಿಕ್ಕಿತೆನ್ನಿ. ಅವರ ಅಂಗಡಿಯಲ್ಲಿ ಜನ ಜಾತ್ರೆ, ನಮ್ಮಲ್ಲಿ ನೊಣ.

ಇದ್ದ ಗಿರಾಕಿಗಳನ್ನಾದರೂ ಉಳಿಸಿಕೊಳ್ಳಬೇಡವೇ? ಶೀಳನೆರೆಯಿಂದ ಬಂದ ಒಬ್ಬ ಗೌಡರು ಒಂದು ಹಳೇ ಲಗ್ನಪತ್ರಿಕೆ ತೋರಿಸಿ, "ಇಂತವೇ ಎಲ್ಡು ಗಿಣಿ ನಮ್ಮುಡುಗಿ ಪತ್ರಿಕೇಲೂ ಇರ್ಬೇಕು" ಎಂದರು. ಆ ಗಿಣಿಗಳನ್ನು ಪಾಂಡವಪುರದ ಒಬ್ಬ ಅಕ್ಕಸಾಲಿ ಆಚಾರರು ತಮ್ಮ ಮಗಳ ಮದುವೆಗೆಂದು ಕೈಯಾರೆ ಬರೆದುಕೊಟ್ಟಿದ್ದರು. "ಅವ್ರುನ್ನ ಒಂದ್ ಮಾತು ಕೇಳ್ಕಂಡ್ ಬನ್ನಿ" ಎಂದರು ಭಾವ.

ಗೌಡರು ಕಕ್ಕಾಬಿಕ್ಕಿ. "ಗಿಣೀನ ಮಾಡ್ದೋನು ದೇವ್ರು ಕಣಪ್ಪ. ದೇವ್ರುನ್ನೇ ಕೇಳ್ಕಬರ್ಲಾ?"

"ಗಿಣಿ ದೇವ್ರುದೇ ಗೌಡ್ರೆ. ಆದ್ರೆ ಈ ಗಿಣಿ ಕತ್ತು ವಾರೆ ಮಾಡ್ಕಂಡ್ ನಾಚ್ಕತಾ ಅದಲ್ಲಾ, ಆ ನಾಚ್ಕೆ ಆಚಾರ್ರುದು."

ಬೈದುಕೊಂಡು ಹೋದ ಗೌಡರು ಮಧ್ಯಾಹ್ನ ವಾಪಸು ಬಂದಾಗ ಮುಖವೇ ಬೇರೆಯಾಗಿತ್ತು. ಆಚಾರರು ಕೂರಿಸಿ ಕಾಫಿ ಕೊಟ್ಟರಂತೆ. "ನಾನು ಮಾಡಿದ ಓಲೆ ನೋಡ್ಕಂಡು ಊರೆಲ್ಲಾ ಅಂಗೇ ಮಾಡಿಸ್ಕಂಡವ್ರೆ. ಮಾಡ್ಲಾ ಅಂತ ಕೇಳ್ಕಂಡು ಬಂದೋರು ನೀವೇ ಮೊದ್ಲು" ಎಂದು ಕಣ್ಣೊರೆಸಿಕೊಂಡರಂತೆ. ಗಿಣಿ ಕೊಟ್ಟದ್ದಲ್ಲದೆ ಹುಡುಗಿಗೆಂದು ಹೊಸದಾಗಿ ಒಂದು ನವಿಲನ್ನೂ ಬರೆದು ಕೊಟ್ಟಿದ್ದರು! ಆ ನವಿಲನ್ನು ನೋಡುತ್ತಾ ನನಗೆ ಮೊದಲ ಸಲ ಅನ್ನಿಸಿತು: ನಮ್ಮ ಭಾವ ಹುಚ್ಚರಲ್ಲ. ಅಥವಾ ಹುಚ್ಚರೇ, ಆದರೆ ಇಂಥ ಹುಚ್ಚು ಎಲ್ಲರಿಗೂ ಹಿಡಿಯುವುದಿಲ್ಲ.

ಮನೆಯಲ್ಲೂ ಇದೇ ಕಾನೂನು. ಬಂದ ನೆಂಟರು ಅಕ್ಕನ ಬಸ್ಸಾರನ್ನು ಹೊಗಳಿದರೆ ಭಾವ ತಕ್ಷಣ ತಿದ್ದುತ್ತಿದ್ದರು: "ಇದು ನಮ್ಮತ್ತೇರ ಸಾರು. ಇವ್ಳು ಮಾಡಿರೋದು ಕಾಪಿ." ಅಕ್ಕ ಸೌಟು ಕುಕ್ಕಿ ಹೇಳುತ್ತಿದ್ದಳು: "ನಿಮ್ಮುನ್ನ ಕಟ್ಕಳೋ ಮುಂದೆ ನಾನೂ ಒಂದ್ಸತಿ ಓದ್ಬೇಕಿತ್ತು!"

ಆ ಅತ್ತೆ, ಅಂದರೆ ನಮ್ಮವ್ವ, ದೇವಲಾಪುರದ ಸುತ್ತ ಸೋಬಾನೆ ಪದಕ್ಕೆ ಹೆಸರಾದವಳು. ಅವ್ವ ಸೊಲ್ಲೆತ್ತದೆ ನಮ್ಮ ಕಡೆ ಧಾರೆ ಆಗುತ್ತಿರಲಿಲ್ಲ. ಅವಳು ಒಂದು ಸಾಲು ಹಾಡಿ ನಿಲ್ಲಿಸುತ್ತಾಳೆ, ಸುತ್ತ ಕೂತ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹಾಡುತ್ತಾರೆ. ಸೊಲ್ಲು ಎತ್ತಿಕೊಳ್ಳುವುದು ಎಂದರೆ ಇದೇ, ಪದ ಹೇಳುವ ಕ್ರಮ. ನನ್ನ ಮದುವೆ ಶ್ರೀರಂಗಪಟ್ಟಣದ ಕಡೆ ನಿಶ್ಚಯವಾಗಿ, ಅವ್ವ ನನಗೆಂದು ಯಾವ ಪದ ತೆಗೆಯುತ್ತಾಳೋ ಎಂದು ನಾನು ಕನಸು ಕಾಣುತ್ತಿದ್ದ ದಿನಗಳಲ್ಲೇ ಆ ಕ್ಯಾಸೆಟ್ಟಿನವರು ಜೀಪಿನಲ್ಲಿ ಬಂದಿಳಿದರು.

ಹಳ್ಳಿ ಹೆಂಗಸರ ಪದಗಳನ್ನು ಕ್ಯಾಸೆಟ್ಟು ಮಾಡಿ ಮಾರುವವರು. ಅವ್ವನಿಗೆ ಒಂದು ಸೀರೆ, ಒಂದಿಷ್ಟು ಮರ್ಯಾದೆ ದುಡ್ಡು, ಕ್ಯಾಸೆಟ್ಟಿನ ಮೇಲೆ ಅವಳ ಪಟ. ಅವ್ವ ಧಾರೆ ಸೀರೆ ಉಟ್ಟು ತಯಾರಾಗಿದ್ದಳು. ಬೀದಿಯೆಲ್ಲ ನಮ್ಮ ಜಗಲಿಯ ಮೇಲೆ. ಹೆಬ್ಬೆಟ್ಟು ಒತ್ತಲು ಕಾಗದ ಮುಂದಿಟ್ಟರು. ಅಕ್ಕನ ಜೊತೆ ಬಂದಿದ್ದ ಭಾವ ಕನ್ನಡಕ ಹಾಕಿಕೊಂಡರು.

ಓದಿದರು. ಜೀಪಿನವರು ಒಂದು ಲೋಟ ಕಾಫಿ ಕುಡಿದು, ಊಟ ಮಾಡಿ, ಒಂದು ನಿದ್ದೆ ತೆಗೆದು ಎದ್ದರೂ ಓದುತ್ತಲೇ ಇದ್ದರು. ಕೊನೆಗೆ ಕೇಳಿದರು: "ಇವ್ರು ಈ ಪದಗಳ್ನ ಇನ್ಮುಂದೆ ಬೇರೆ ಯಾವ್ ಸಮಾರಂಭದಲ್ಲೂ ಆಡಂಗಿಲ್ಲ ಅಂತ ಬರ್ದಿದ್ದೀರಲ್ಲಾ ಸ್ವಾಮಿ, ಮದ್ವೆ ಸಮಾರಂಭವೋ ಅಲ್ವೋ?"

"ಅದೆಲ್ಲಾ ಸುಮ್ನೆ ಬರ್ದಿರ್ತಾರೆ ಸಾರ್. ಯಾರು ಕೇಳೋಕ್ ಬರ್ತಾರೆ?"

"ಕೇಳಕೆ ಬರಲ್ಲ ಅಂದ್ರೆ ಬರ್ದಿದ್ದು ಯಾಕೆ? ಆ ಸಾಲು ವಡುದ್ಬುಡಿ, ಒತ್ತಿಸ್ತೀನಿ. ನಾಳಿಕೆ ಇವ್ಳ ಮದ್ವೇಲಿ ಅವ್ವನೇ ಮಗ್ಳಿಗೆ ಪದ ಯೋಳಂಗಿಲ್ಲ ಅಂದ್ರೆ ಏನ್ ನ್ಯಾಯ?"

ಸಾಲು ಹೊಡೆಯಲು ಅವರಿಗೆ ಅಧಿಕಾರವಿರಲಿಲ್ಲ, ಬಿಡಲು ಇವರಿಗೆ ಮನಸ್ಸಿರಲಿಲ್ಲ. ಜೀಪು ಹೊರಟೇಹೋಯಿತು. ಬೀದಿಯೂ ಜಗಲಿಯಿಂದ ಇಳಿಯಿತು. ಅವ್ವ ಸೀರೆ ಬದಲಾಯಿಸಿ ಬಂದು, ಅಳಿಯನ ಮುಖ ನೋಡದೆ ನನಗೆ ಹೇಳಿದಳು: "ನಾನ್ ಸತ್ತೋದ್ ಮ್ಯಾಲೂ ನನ್ ದನಿ ಒಂದ್ ಇರ್ಲಿ ಅಂತ ಆಸೆ ಪಟ್ಟೆ ಕಣವ್ವ. ತಪ್ಪಾ? ಇನ್ ನಾನು ಸೊಲ್ಲೆತ್ತಕಿಲ್ಲ. ಯಾರ್ ಮದ್ವೇಲೂ."

ಯಾರ ಮದುವೆಯಲ್ಲೂ ಎಂದರೆ ನನ್ನ ಮದುವೆಯಲ್ಲೂ! ನಾನು ಭಾವನ ಮೇಲೆ ಹರಿಹಾಯ್ದೆ. ನಿಮ್ಮ ಕಾನೂನಿಗೆ ಬೆಂಕಿ ಹಾಕ ಎಂದೆ. ಅಕ್ಕ ಅವತ್ತಿನಿಂದ "ಮಾಡ್ಕಳಿ" ಎನ್ನುವುದನ್ನು ನಿಲ್ಲಿಸಿದಳು. ಮಾತಿಗೆ ತಪ್ಪದ ಆ ಮಹಾಪುರುಷರು ಲಗ್ನಕಾಲದಲ್ಲಿ ಅಂಗಡಿ ಮುಚ್ಚಿಕೊಂಡು ಕೂತರು, ನಾನು ದೇವಲಾಪುರದಲ್ಲೇ ಉಳಿದೆ.

ಹದಿನೈದು ದಿನವಾಗಿರಬೇಕು, ಭಾವ ದೇವಲಾಪುರಕ್ಕೆ ಬಂದರು, ಹಿಂದೆ ಮುಖ ಊದಿಸಿಕೊಂಡ ಅಕ್ಕ. ಕಂಕುಳಲ್ಲಿ ಟವೆಲು ಸುತ್ತಿದ ಟೇಪ್‌ರೆಕಾರ್ಡರು, ಕೈಯಲ್ಲಿ ಎಲೆಅಡಿಕೆ. ಅವ್ವ ಹಸುವಿಗೆ ಹುಲ್ಲು ಹಾಕುತ್ತಾ ಹಸುವಿನ ಜೊತೆಗೇ ಮಾತಾಡಿದಳು: "ಕಾನೂನ್ ಬಂತು ನೋಡವ್ವ, ಸರ್ಕಂಡ್ ನಿಂತ್ಕೊ."

ಭಾವ ಎಲೆಅಡಿಕೆಯನ್ನು ತಟ್ಟೆಯಲ್ಲಿಟ್ಟು ಅವ್ವನ ಕೈಗೆ ಕೊಟ್ಟರು. "ಅತ್ತೆ, ನೀವು ಆಡಿ, ನಾನು ಟೇಪಲ್ಲಿ ಇಡ್ಕತೀನಿ. ಪದ ನಿಮ್ದು, ಷರತ್ತೂ ನಿಮ್ದೇ." ಹೀಗೆಂದವರೇ, ಅವ್ವ ಬಾಯಿ ತೆರೆಯುವ ಮೊದಲೇ ತಟ್ಟೆಯಿಂದ ವೀಳ್ಯ ಎತ್ತಿ ಕಣ್ಣಿಗೊತ್ತಿಕೊಂಡುಬಿಟ್ಟರು!

ಅಕ್ಕ ಕಿರುಚಿದಳು. "ಕೇಳ್ದೇನೇ ಒಪ್ಬುಟ್ರಾ?"

"ಊ. ಒಪ್ದೆ."

ಲಕೋಟೆ ಹರಿಯಲು ವಾರವಿಡೀ ಹಿಂದೆಮುಂದೆ ನೋಡಿದ ಮನುಷ್ಯ! ಅವ್ವ ತಟ್ಟೆ ಹಿಡಿದು ಅಳಿಯನನ್ನೇ ನೋಡಿದಳು. ಆಮೇಲೆ ಅವಳ ತುಟಿಯ ಮೂಲೆಯಲ್ಲಿ ತುಂಟತನ ಕಂಡಿತು.

"ಇದ ಯಾರ್ ಬೇಕಾರೂ ಕೇಳ್ಲಿ, ಯಾರ್ ಬೇಕಾರೂ ಕಾಪಿ ಮಾಡ್ಕಳ್ಳಿ. ನಮ್ಮತ್ತೆ ನಂಗೆ ಪದ ಕಲ್ಸಾಗ ಬೀಗ ಆಕಿ ಕೊಟ್ಟಿದ್ಲಾ? ಆದ್ರೆ ಬಾಯ್ ಮುಚ್ಕಂಡ್ ಕೇಳಂಗಿಲ್ಲ. ನಾನು ನಿಲ್ಸಿದ್ ಕಡೆ ಸೊಲ್ಲು ಎತ್ಕಂಡು ಯೋಳ್ಬೇಕು. ಯಾರೇ ಆಗ್ಲಿ. ನೀವೂವೆ."

ಭಾವನ ಮುಖ ಬಾಡಿದ ಬದನೆಕಾಯಿಯಂತಾಯಿತು. ನಾವು ಬಿದ್ದು ಬಿದ್ದು ನಕ್ಕೆವು. ಅವ್ವ ಬೇರೆ ಯಾರನ್ನೂ ಜೊತೆಗೆ ಕೂರಿಸಿಕೊಳ್ಳದೆ ಒಬ್ಬಳೇ ಹಾಡಿದಳು. ಪ್ರತಿ ಸಾಲಿನ ನಂತರ ಒಂದು ಸಾಲಿನಷ್ಟು ಹೊತ್ತು ಸುಮ್ಮನಿರುತ್ತಿದ್ದಳು, ಕೇಳುವವರಿಗೆಂದು ಬಿಟ್ಟ ಜಾಗ ಅದು. ನನ್ನ ಮದುವೆಯಲ್ಲೂ ಹಾಡಿದಳು. ಚಪ್ಪರದ ಹಿಂದಿನಿಂದ ಒಂದು ಭಯಂಕರ ದನಿ ಸೊಲ್ಲೆತ್ತಿಕೊಂಡಾಗ ಶ್ರೀರಂಗಪಟ್ಟಣದ ಬೀಗರು ಗಾಬರಿಯಾಗಿ ಎದ್ದು ನಿಂತರು.

ಕೆಲವು ವರ್ಷಕ್ಕೆ ಅವ್ವ ಹೋದಳು. ವರ್ಷದ ಎಡೆ ಮುಗಿದ ಮೇಲೆ ಒಂದು ಮಧ್ಯಾಹ್ನ ಖಾಲಿ ಕ್ಯಾಸೆಟ್ಟು ಹಿಡಿದು ಪಾಂಡವಪುರದ ಬಸ್ಸು ಹತ್ತಿದೆ. ನನ್ನದೂ ಒಂದು ಪ್ರತಿ ಇರಲಿ ಎಂದು. ಅಕ್ಕ ಯಾವುದೋ ನಾಮಕರಣಕ್ಕೆ ಹೋಗಿದ್ದಳು. ಅಂಗಡಿಯ ಷಟರು ಅರ್ಧ ಇಳಿದಿತ್ತು. ಒಳಗಿನಿಂದ ಅವ್ವನ ದನಿ ಕೇಳಿತು. ಕಾಲು ಅಲ್ಲೇ ನಿಂತವು. ಒಂದು ಸಾಲು ಹೇಳಿ ಅವ್ವ ಸುಮ್ಮನಾದಳು. ಆ ಸುಮ್ಮನಿರುವಿಕೆಯೊಳಕ್ಕೆ ಆ ದನಿ, ಮೇಷ್ಟ್ರು ಕೈ ಮುಗಿದು ಬೇಡವೆಂದಿದ್ದ ಆ ಕರ್ಕಶ ದನಿ, ಸೊಲ್ಲೆತ್ತಿಕೊಂಡಿತು.

ಬಗ್ಗಿ ಒಳಗೆ ಹೋದೆ. ಭಾವ ಟೇಪ್‌ರೆಕಾರ್ಡರಿನ ಮುಂದೆ ಕೈ ಕಟ್ಟಿ ಕೂತಿದ್ದರು. ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

"ಒಬ್ರೇ ಇದ್ದೀರಲ್ಲಾ ಭಾವ," ಎಂದೆ, ನಗಲು ನೋಡಿದೆ, ಆಗಲಿಲ್ಲ. "ಸುಮ್ನೆ ಕೇಳಿದ್ರೆ ಯಾರ್ ನೋಡ್ತಿದ್ರು?"

"ಒಪ್ಕಂಡಿವ್ನಲ್ಲವ್ವಾ," ಎಂದರು ಭಾವ.

ಅಷ್ಟರಲ್ಲಿ ಅವ್ವ ಮುಂದಿನ ಸಾಲು ಮುಗಿಸಿ ನಮಗಾಗಿ ನಿಲ್ಲಿಸಿದಳು. ಭಾವ ನನ್ನ ಕಡೆ ನೋಡಿದರು. ನಾನೂ ಸೊಲ್ಲು ಎತ್ತಿಕೊಂಡೆ.