ಮೂರು ಕಾರಣ, ಒಂದು ಗಾದಿಮಾತು

ಹೊಟ್ಟಿಕಿಚ್ಚಿನ ಮನಶ್ಯಾ ನಗಿಪಾಟಲಿಗೆ ಬೀಳಾಕ ಹೆಚ್ಚಿಗಿ ಖಟಪಟಿ ಮಾಡೂದು ಬ್ಯಾಡ. ಸುಮ್ಮ ಕುಂತ್ರೂ ಅದು ಮನಿ ಹುಡುಕ್ಕೊಂಡು ಬರತೈತಿ. ಇದನ್ನ ಮಂದೀನ್ನ ನೋಡಿ ಹೇಳಾಕತ್ತಿಲ್ಲ, ನನ್ನ ಮ್ಯಾಲ ಆಗಿದ್ದು ಹೇಳಾಕತ್ತೀನಿ.

ಭಾಷಾವಾರು ಪ್ರಾಂತ ಆಗಿ ನಮ್ಮೂರು ಅಕ್ಕಲಕೋಟಿ ಮರಾಠಿ ಸೀಮ್ಯಾಗ ಉಳದ ಹೊಸತು. ಮನ್ಯಾಗ ಕನ್ನಡ, ಕಚೇರ್‍ಯಾಗ ಮರಾಠಿ, ನಮ್ಮದು ಕನ್ನಡ ಸಾಲಿ. ಆರನೇ ಇಯತ್ತಿಗೆ ಎರಡು ತುಕಡಿ. 'ಅ' ತುಕಡಿ ನಂದು. 'ಬ' ತುಕಡಿ ಟ್ರೇನಿಂಗ್ ಮುಗಿಸಿ ಬಂದ ಒಬ್ಬ ಹೊಸಾ ಮಾಸ್ತರಂದು. ದಿನಾ ಕುಂಭಾರಿಯಿಂದ ಮೋಟಾರಿನ್ಯಾಗ ಬರತಿದ್ದ, ಅದಕ್ಕ ಎಲ್ಲಾರೂ ಕುಂಭಾರಿ ಮಾಸ್ತರು ಅಂತಿದ್ರು. ಅಷ್ಟು ದೂರ ಧೂಳ ತಿಂದು ಬಂದ್ರೂ ಅವನ ಟೋಪಿ ಹಾಲಿನಂಗ ಬೆಳ್ಳಗ ಇರತಿತ್ತು. ನನ್ನ ಹೊಟ್ಟಿ ಉರಿಯಾಕ ಸುರು ಆಗಿದ್ದ ಆ ಟೋಪಿಯಿಂದ.

೧. ಕೆಂಪು ಖಡು, ನೀಲಿ ಖಡು

ಪುಸ್ತಕದಾಗ ಕಥಿ, ಪದ್ಯ ಬಿಟ್ಟು ಬ್ಯಾರೆ ಪಾಠ ಇರತಾವಲ್ಲ, ಬಾವಿ, ರೇಲ್ವೆ, ಹತ್ತಿ ಗಿರಣಿ, ಕಂಬಳಿ ಅಂತ, ಅಂಥವನ್ನ ನಾವು ಒಂದ ರೀತಿಲೆ ಕಲಸತಿದ್ವಿ. ಜೋರಲೆ ಓದಸೂದು, ಅರ್ಥ ಹೇಳೂದು, ಬಾಯಿಪಾಠ ಮಾಡಸೂದು. ಈ ಕುಂಭಾರಿ ಮಾಸ್ತರು ಬಂದು ಹೊಸಾದು ತಗದ. "ಪಾಠದ ಕಟ್ಟೋಣಿಕಿ ನೋಡ್ರಿ," ಅಂತ ಹುಡುಗೂರಿಗೆ ಹೇಳತಿದ್ದ. "ಯಾವ ಪ್ಯಾರಾದಾಗ ಕಾರಣ ಐತಿ, ಯಾವುದರಾಗ ಪರಿಣಾಮ, ಎಲ್ಲಿ ಕ್ರಮ ಹೇಳ್ಯಾರ, ಎಲ್ಲಿ ಹೋಲಿಕಿ ಮಾಡ್ಯಾರ, ನೀವ ಹುಡುಕ್ರಿ." ಬೋರ್ಡಿನ ಮ್ಯಾಲ ಕಾರಣಕ್ಕ ಕೆಂಪು ಖಡುಲೆ, ಅಂದ್ರ ಸೀಮಿಸುಣ್ಣಲೆ, ಗೆರಿ ಎಳೀತಿದ್ದ, ಪರಿಣಾಮಕ್ಕ ನೀಲಿ ಖಡುಲೆ.

ಹೆಡ್‌ಮಾಸ್ತರು ಚಾ ಕುಡೀವಾಗ ಅಂದ್ರು, "ಡೆಪ್ಯುಟಿ ಸಾಹೇಬರು ತಪಾಸಣಿಗೆ ಬರಾಕತ್ತಾರ. ಯಾರ ಹುಡುಗೂರು ಪಾಠದ ಕಟ್ಟೋಣಿಕಿ ಚಲೋ ಹೇಳತಾರೋ, ಆ ಮಾಸ್ತರಿಗೆ ಸೋಲಾಪುರದ ಶಿಕ್ಷಕರ ಸಭಾದಾಗ ನಮೂನಿ ಪಾಠ ಮಾಡಾಕ ಸಿಗತೈತಿ."

ಹದಿನಾಕು ವರ್ಷ ನೌಕರಿ ಮಾಡಿದ್ದೆ. ಸೋಲಾಪುರದ ಆ ವೇದಿಕಿ ಮ್ಯಾಲ ಒಂದ ಸಲಾನೂ ನಿಂತಿದ್ದಿಲ್ಲ. ಪ್ರತಿ ಸಲಾ ಕೆಳಗ ಕುಂತು ಚಪ್ಪಾಳಿ ಬಡದು ಬರೂದು. ಈ ಸಲಾ ನಿಂದರಬೇಕು, ಅದೂ ಆ ಟೋಪಿಯಾಂವನ ಕಣ್ಣಮುಂದ ನಿಂದರಬೇಕು ಅಂತ ಹಟ ಹಿಡದೆ.

ಮನಿಗೆ ಬಂದು ಹೆಂಡ್ತಿ ಮುಂದ ಕುಂಭಾರಿ ಮಾಸ್ತರನ ದಿಮಾಕು ಹೇಳಿದೆ. ಅವ ಹೆಂಗ ಗೆರಿ ಎಳೀತಾನ, ಹೆಂಗ ಪ್ರಶ್ನೆ ಕೇಳತಾನ, ಎಲ್ಲಾ ಮಾಡಿ ತೋರಸಿದೆ. ಆಕಿ ರೊಟ್ಟಿ ಬಡಕೋತ ಕೇಳಿ, "ಏನ್ರಿ, ಅವರ ಪಾಠ ನನಗೂ ತಿಳೀತು ನೋಡ್ರಿ. ಹನ್ನೆರಡು ವರ್ಷ ನಿಮ್ಮ ಜೋಡಿ ಇದ್ದು ನಿಮ್ದು ಮಾತ್ರ ತಿಳದಿಲ್ಲ," ಅಂದ್ಲು.

೨. ತಟ್ಟಿಯ ತೂತು

ನಮ್ಮ ಎರಡೂ ವರ್ಗದ ನಡುವ ಗ್ವಾಡಿ ಇದ್ದಿಲ್ಲ, ಬಿದರಿನ ತಟ್ಟಿ ಇತ್ತು. ಅದರಾಗ ಒಂದು ತೂತು. ನಾ ನನ್ನ ಕುರ್ಚಿ ಒಯ್ದು ಆ ತೂತಿನ ಬಾಜೂಕ ಹಾಕ್ಕೊಂಡೆ. ಹುಡುಗೂರಿಗೆ ಶುದ್ಧಲೇಖನ ಬರಿಯಾಕ ಹಚ್ಚಿ, ನಾ ಕಿವಿ ಅತ್ತಾಗ ಇಟ್ಟು ಕುಂಡ್ರತಿದ್ದೆ.

ಒಂದಿನ ಅತ್ತಾಗ ಬಾವಿ ಪಾಠ ನಡದಿತ್ತು. "ಗಿಡ ಕಡದ್ರು, ಮಳಿ ನೀರು ಹರದು ಹೋತು, ಬಾವಿ ಬತ್ತಿತು. ಬಾವಿ ಬತ್ತಿದ್ದು ಏನು?" ಅಂತ ಕುಂಭಾರಿ ಮಾಸ್ತರು ಕೇಳಿದ. ಯಾರೂ ಬಾಯಿ ಬಿಡವಲ್ರು. ಎರಡನೇ ಸಲಾ ಕೇಳಿದ. ಆಗೂ ಇಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ, "ಪರಿಣಾಮ!" ಅಂತ ಒದರೇಬಿಟ್ಟೆ.

"ಶಾಬಾಸ್! ಯಾರಂದ್ರಿ? ಎದ್ದು ನಿಂದರ್ರಿ!" ಅಂತ ಅತ್ತಾಗಿಂದ ಧ್ವನಿ ಬಂತು.

ಸಣ್ಣಾಂವ ಇದ್ದಾಗ ಸಾಲ್ಯಾಗ ಬಿದ್ದ ರೂಢಿ ಎಲ್ಲಿ ಹೋಗತೈತಿ? ನನ್ನ ನಲವತ್ತು ಹುಡುಗೂರು ನೋಡಾಕತ್ತಾಗ ನಾ ಕೈ ಕಟ್ಟಿ ಎದ್ದು ನಿಂತೆ.

೩. ಕಂಬಳಿ

ಕೇಳಿ ಕೇಳಿ ನಾನೂ ಕಟ್ಟೋಣಿಕಿ ಕಲಸಾಕ ಸುರು ಮಾಡಿದೆ. ಆದ್ರ ಅವನ ಖಡು ಮುಟ್ಟಲಿಲ್ಲ, ನಂದ ಒಂದು ಪದ್ಧತಿ ಮಾಡಿದೆ. ಏನ ಬರದ್ರೂ ಮೊದಲಿಗೆ ನಮಸ್ಕಾರ, ಆಮ್ಯಾಲ 'ಆದಾಗ್ಯೂ', ನಡಕ ಮೂರು ಕಾರಣ, ಕಡೀಕ ಒಂದು ಗಾದಿಮಾತು. ನಾಕು ಕಂಬ, ಗಟ್ಟಿ ಮನಿ. ಗಾದಿಮಾತು ಯಾವಾಗೂ ಒಂದ: 'ಹಿತ್ತಲ ಗಿಡ ಮದ್ದಲ್ಲ.' ಹದಿನಾಕು ವರ್ಷ ನನ್ನ ಬೆಲಿ ಯಾರಿಗೂ ತಿಳೀಲಿಲ್ಲಲ್ಲ, ಅದಕ್ಕ ಆ ಮಾತು ದಿನಾ ನನ್ನ ಬಾಯಾಗ ಇರತಿತ್ತು. ಹುಡುಗೂರಿಗೂ ಬಾಯಿಪಾಠ ಆಗಿತ್ತು.

ಕಂಬಳಿ ಪಾಠ ತಗದೆ. ಪುಸ್ತಕದಾಗ ಕ್ರಮ ಬರದಿದ್ರು. ಕುರಿ ಉಣ್ಣಿ ಕತ್ತರಸೂದು, ತೊಳಿಯೂದು, ನೂಲೂದು, ನೇಯೂದು. "ಇದಕ್ಕ ಕ್ರಮದ ಕಟ್ಟೋಣಿಕಿ ಅಂತಾರ," ಅಂದೆ. ಮುಂದಿನ ಸಾಲಿನ್ಯಾಗ ಕುರುಬರ ಹುಡುಗಿ ಒಬ್ಬಾಕಿ ಎದ್ದು ನಿಂತ್ಲು.

"ಗುರೂಜಿ, ಕ್ರಮ ತಪ್ಪೈತ್ರಿ. ಮೊದಲ ಕುರಿ ಹಳ್ಳಕ್ಕ ಒಯ್ದು ಮೈ ತೊಳಿಬೇಕ್ರಿ, ಆಮ್ಯಾಲ ಕತ್ತರಸೂದು. ಮತ್ತ ನೇಯೂಕಿಂತ ಮೊದಲ ನೂಲಿಗೆ ಹುಣಸಿ ಬೀಜದ ಗಂಜಿ ಹಚ್ಚಬೇಕ್ರಿ. ಅದನ್ನ ಬರದ ಇಲ್ರಿ."

"ಪುಸ್ತಕ ಬರದವರಿಗಿಂತ ನೀ ಶಾಣ್ಯಾಕಿ ಏನು?"

"ಅವರು ಕಂಬಳಿ ಹೊಚಕೊಂಡಾರ್ರಿ. ನಮ್ಮಪ್ಪ ನೇಯ್ತಾನ್ರಿ."

ವರ್ಗಕ್ಕ ವರ್ಗ ನಕ್ಕಿತು. ನಾ, "ಪಾಠದಾಗ ಇದ್ದದ್ದ ಅಷ್ಟ ಅಲ್ಲ, ಬಿಟ್ಟಿದ್ದೂ ಹುಡುಕಬೇಕು," ಅಂತ ಹೇಳಿ ಮರ್ಯಾದಿ ಉಳಿಸಿಕೊಂಡೆ. ಒಳಗ ಮಾತ್ರ ಖುಷಿ ಆತು. ಇಂಥಾ ಹುಡುಗಿ 'ಬ' ತುಕಡ್ಯಾಗ ಇಲ್ಲಲ್ಲ!

ಮರುದಿನ ಹೆಡ್‌ಮಾಸ್ತರು ಹಿಗ್ಗಿ ಹೀರಿಕಾಯಿ ಆಗಿದ್ರು. "ಕುಂಭಾರಿ ಮಾಸ್ತರು ಏನ ತಲಿ ಓಡಸ್ಯಾರ ನೋಡ್ರಿ! ಕಂಬಳಿ ಪಾಠದಾಗ ಏನ ಬಿಟ್ಟಾರ ಅಂತ ಹೇಳಾಕ ಕಂಬಳಿ ನೇಯಾಂವನ್ನ ವರ್ಗಕ್ಕ ಕರಸ್ಯಾರ!"

ಹೋಗಿ ನೋಡಿದ್ರ, ಅಲ್ಲಿ ಕುಂತಾಂವ ನನ್ನ ಹುಡುಗಿಯ ಅಪ್ಪ. ಆವತ್ತ ತಿಳೀತು, ಆ ತೂತಿಗೆ ಅತ್ತಾಗೂ ಒಂದು ಕುರ್ಚಿ ಇತ್ತು.

೪. ಎರಡು ಚಾದರ

ಇನ್ನ ಸುಮ್ಮ ಕುಂತ್ರ ಸೋಲಾಪುರ ಕೈಬಿಟ್ಟು ಹೋಗತೈತಿ ಅನಿಸ್ತು. ಕುಂಭಾರಿ ಮಾಸ್ತರನ ಮ್ಯಾಲ ಡೆಪ್ಯುಟಿ ಸಾಹೇಬರಿಗೆ ಒಂದು ಹೆಸರಿಲ್ಲದ ಅರ್ಜಿ ಬರದೆ. ಮಾಡಬಾರದಿತ್ತು, ಮಾಡಿದೆ. ಹೊಟ್ಟಿಕಿಚ್ಚಿಗೆ ಬುದ್ಧಿ ಎಲ್ಲಿಂದ ಬರಬೇಕು? ಕೈಬರಹದ ಗುರ್ತ ಸಿಗಬಾರದಂತ ಎಡಗೈಲೆ ಬರದೆ. ಲಕೋಟಿ ಮ್ಯಾಲ ನಮ್ಮೂರಿನ ಟಪಾಲ ಸಿಕ್ಕಾ ಬೀಳಬಾರದಂತ ರವಿವಾರ ಸೋಲಾಪುರಕ್ಕ ಹೋಗಿ ಅಲ್ಲಿ ಟಪಾಲ ಡಬ್ಬಿಗೆ ಹಾಕಿದೆ.

ಹಾಕಿ ತಿರಗತೀನಿ, ಹಿಂದ ಕುಂಭಾರಿ ಮಾಸ್ತರು! ಕೈ ಎರಡೂ ಬೆನ್ನಹಿಂದ ಇಟಗೊಂಡು ನಿಂತಾನ.

"ಏನ್ ಮಾಸ್ತರ, ಇತ್ತಾಗ?" ಅಂದೆ.

"ಚಾದರ ತಗೊಳ್ಳಾಕ ಬಂದಿದ್ದೆರಿ. ನೀವು?"

"ನಾನೂ ಚಾದರಕ್ಕ ಬಂದೀನ್ರಿ."

ಅಂದ ಮ್ಯಾಲ ತಗೊಳ್ಳದ ಹೆಂಗ ಹೋಗೂದು? ಇಬ್ಬರೂ ಕೂಡಿ ದುಕಾನಕ್ಕ ಹೋಗಿ, ಒಬ್ಬರ ಮಾರಿ ಒಬ್ಬರು ನೋಡಕೋತ, ಒಂದೊಂದು ಚಾದರ ಖರೇದಿ ಮಾಡಿದ್ವಿ. ನಡಕ ಅವ "ಒಂದ ನಿಮಿಷ ಬಂದೆ," ಅಂತ ಟಪಾಲ ಡಬ್ಬಿ ಕಡೆ ಹೋಗಿ ಬಂದ. ನಾ ಅದನ್ನ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮನ್ಯಾಗ ಹೆಂಡ್ತಿ ಚಾದರ ನೋಡಿ, "ಇಂಥಾ ಧಗ್ಯಾಗ ಇದನ್ನ ಯಾಕ ತಂದ್ರಿ?" ಅಂದ್ಲು. "ಮುಂದ ಛಳಿ ಬರತೈತಲ್ಲ," ಅಂದೆ. "ನಿಮ್ಮ ಮಾರಿ ನೋಡಿದ್ರ ಈಗ ಬಂದಂಗ ಕಾಣತೈತಿ," ಅಂದ್ಲು.

೫. ನಾಕನೇ ಕಾರಣ

ತಪಾಸಣಿ ದಿನ ಬಂತು. ಡೆಪ್ಯುಟಿ ಸಾಹೇಬರು ನನ್ನ ವರ್ಗಕ್ಕ ಬಂದ್ರು. ಹೆಡ್‌ಮಾಸ್ತರಿಗೆ ಒಂದು ಕಾಗದ ಕೊಟ್ಟು 'ಬ' ತುಕಡಿಗೆ ಕಳಸಿದ್ರು. ನಾ ಪುಸ್ತಕ ಮುಂದ ಹಿಡದೆ.

"ಪುಸ್ತಕ ಬ್ಯಾಡ. ಬಾಯಿಪಾಠ ಮಾಡಸಿರತೀರಿ. ನಾ ಬ್ಯಾರೆ ಬರೀತೀನಿ," ಅಂದು ಕಿಸೆದಾಗಿಂದ ಒಂದು ಹಾಳಿ ತಗದು ಬೋರ್ಡಿನ ಮ್ಯಾಲ ಬರಿಯಾಕ ಹತ್ತಿದ್ರು.

'ಸಾಹೇಬರಿಗೆ ಸಾಷ್ಟಾಂಗ ನಮಸ್ಕಾರ. ತಮ್ಮಂಥವರು ಇರುವುದು ನಮ್ಮ ಪುಣ್ಯ. ಆದಾಗ್ಯೂ ಒಂದು ಶಾಲೆಯಲ್ಲಿ ಒಬ್ಬ ಶಿಕ್ಷಕರು ಮಕ್ಕಳನ್ನು ಮರುಳು ಮಾಡುತ್ತಿದ್ದಾರೆ. ಕಾರಣಗಳು ಮೂರು. ಒಂದು, ಬಣ್ಣದ ಖಡು ಬಳಸುತ್ತಾರೆ. ಎರಡು, ಪರರ ಪಾಠ ಕದ್ದು ಕೇಳುತ್ತಾರೆ. ಮೂರು, ಟೋಪಿಗೆ ವಿಪರೀತ ಇಸ್ತ್ರಿ ಮಾಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ.'

ನಮ್ಮ ಸಾಲಿ ಹೆಸರಷ್ಟ ಬಿಟ್ಟು, ನನ್ನ ಅರ್ಜಿ ಇದ್ದದ್ದು ಇದ್ದಂಗ ಬೋರ್ಡಿಗೆ ಏರಿತ್ತು.

"ಇದು ಕಥಿಯೋ, ಮಾಹಿತಿಯೋ?" ಸಾಹೇಬರು ಕೇಳಿದ್ರು.

ಕುರುಬರ ಹುಡುಗಿ ಎದ್ಲು. ಕುಂಡ್ರಂತ ನಾ ಕಣ್ಣಸನ್ನಿ ಮಾಡಿದೆ. ಧೈರ್ಯ ಕೊಡಾಕತ್ತಾರ ಅಂತ ತಿಳಕೊಂಡು ಇನ್ನೂ ಜೋರಲೆ ಹೇಳಿದ್ಲು. "ಮಾಹಿತಿ ರಿ. ಮೊದಲ ನಮಸ್ಕಾರ, ಆಮ್ಯಾಲ ಆದಾಗ್ಯೂ, ಆಮ್ಯಾಲ ಮೂರು ಕಾರಣ, ಕಡೀಕ ಗಾದಿಮಾತು. ಆದ್ರ ಕಾರಣ ಹೊಂದಂಗಿಲ್ರಿ. ಇಸ್ತ್ರಿಗೂ ಪಾಠಕ್ಕೂ ಸಂಬಂಧಿಲ್ಲ. ಕಂಬಳಿ ಪಾಠದಾಗ ಬಿಟ್ಟಂಗ ಇದರಾಗೂ ಒಂದು ಬಿಟ್ಟಾರ್ರಿ. ನಾಕನೇ ಕಾರಣ."

"ಯಾವುದು?"

"ಹೊಟ್ಟಿಕಿಚ್ಚು ರಿ."

"ವಾ! ಹಂಗಾರ ಬರದವರು ಯಾರಿರಬೇಕು?"

ನಲವತ್ತು ಹುಡುಗೂರು ಹುರುಪಿಲೆ ಎದ್ದು ಒಮ್ಮೆಲೇ ಕೂಗಿದ್ರು, "ನಮ್ಮ ಗುರೂಜಿ ರಿ!"

ಭೂಮಿ ಬಾಯಿ ತಗದ್ರ ಒಳಗ ಹೋಗಬೇಕು ಅನಿಸ್ತು. ಸಾಹೇಬರು ತಟ್ಟಿ ಕಡೆ ಬೆರಳ ಮಾಡಿ, "ಕೇಳ್ರಿ," ಅಂದ್ರು.

ಅತ್ತಾಗ ಒಬ್ಬ ಹುಡುಗ ಹೇಳಾಕತ್ತಿದ್ದ. "ಈ ಅರ್ಜ್ಯಾಗ ಕಾರಣಕ್ಕ ಕೆಂಪು ಗೆರಿ ಎಳದಾರ್ರಿ, ಪರಿಣಾಮಕ್ಕ ನೀಲಿ ಗೆರಿ." ಹೆಡ್‌ಮಾಸ್ತರು "ಯಾರು ಬರದಿರಬೇಕು?" ಅಂದ್ರು. 'ಬ' ತುಕಡಿ ಪೂರಾ ಕೂಗಿತು, "ನಮ್ಮ ಗುರೂಜಿ ರಿ!"

ಅಂವ ಬಂದಾಗಿಂದ ಮೊದಲ ಸಲಾ ನನಗ ಕುಂಭಾರಿ ಮಾಸ್ತರನ ಮ್ಯಾಲ ಪ್ರೀತಿ ಬಂತು. ತೂತಿನ್ಯಾಗ ಹಣಿಕಿ ಹಾಕಿದೆ. ಅತ್ತಾಗಿಂದ ಒಂದು ಕಣ್ಣು ನನ್ನ ನೋಡಾಕತ್ತಿತ್ತು.

ಸಾಹೇಬರು ಇಬ್ಬರನ್ನೂ ಆಫೀಸಿಗೆ ಕರದ್ರು. ಶಿಕ್ಷಾ ಏನು ಕಾದೈತೋ ಅಂತ ಕೈ ಕಟ್ಟಿ ನಿಂತ್ವಿ. "ಎರಡೂ ತುಕಡಿ ಹುಡುಗೂರು ಮಸ್ತ ಕಲತಾರ. ನಮೂನಿ ಪಾಠ ಇಬ್ಬರೂ ಕೂಡಿ ಮಾಡ್ರಿ. ಹೋಲಿಕಿಯ ಪಾಠ. ಹೋಲಸಾಕ ಈ ಎರಡು ಅರ್ಜಿ ತಗೋರಿ," ಅಂದ್ರು.

ಹಂಗ ಹದಿನಾಕು ವರ್ಷದ ಮ್ಯಾಲ ಸೋಲಾಪುರದ ವೇದಿಕಿ ಹತ್ತಿದೆ. ಮಗ್ಗಲಕ ಬಿಳಿ ಟೋಪಿ. ನಾನ ನನ್ನ ಅರ್ಜಿ ಓದಿದೆ, ಅವ ತನ್ನ ಅರ್ಜಿ ಓದಿದ. ಸಭಾ ಹೊಟ್ಟಿ ಹಿಡಕೊಂಡು ನಕ್ಕಿತು. ಮಂದಿ ನಕ್ಕಿದ್ದು ಮರತೀನಿ, ನಾಚಿಕಿನೂ ಮರತೀನಿ. ಒಂದು ಮಾತು ಮಾತ್ರ ಇವತ್ತಿಗೂ ಹೊಟ್ಟಿ ಉರಸತೈತಿ. ಕಡೀಕ ಸಾಹೇಬರು ಎದ್ದು ನಿಂತು ಸಭಾಕ್ಕ ಹೇಳಿದ್ರು: "ಎರಡರಾಗ ಕುಂಭಾರಿ ಮಾಸ್ತರ ಅರ್ಜಿನ ಚಲೋ ಬರದೈತಿ."